ಕೋಶದ ಸಾವು, ದೇಹದ ಉಳಿವು

ರೋಣ, ನರಗುಂದದ ಕಡೆ ಮಳೆನೀರು ನಿಂತ ತಗ್ಗುಗಳಲ್ಲಿ ಗೊದಮೊಟ್ಟೆಗಳನ್ನು ನೀವು ನೋಡಿರುತ್ತೀರಿ. ಅವು ಕಪ್ಪೆಗಳಾದಾಗ ಬಾಲ ಎಲ್ಲಿ ಹೋಯಿತು? ಥೈರಾಯ್ಡ್ ಹಾರ್ಮೋನಿನ ಸೂಚನೆಯಂತೆ ಬಾಲದ ಜೀವಕೋಶಗಳು ಕ್ರಮವಾಗಿ ಸತ್ತು ಕರಗಿಹೋದವು. ಇಂಥ ಸಾವಿಗೆ ‘ಯೋಜಿತ ಕೋಶಮರಣ’ ಅಥವಾ ಅಪೊಪ್ಟೋಸಿಸ್ ಎಂದು ಹೆಸರು. ಪೆಟ್ಟು ಬಿದ್ದು ಸಾಯುವ ಕೋಶ ಒಡೆದು ಸುತ್ತಲೂ ಉರಿಯೂತ ಉಂಟುಮಾಡುತ್ತದೆ. ಅಪೊಪ್ಟೋಸಿಸ್‌ನಲ್ಲಾದರೋ ಕೋಶ ಕುಗ್ಗಿ, ಚಿಕ್ಕ ಚಿಕ್ಕ ತುಣುಕುಗಳಾಗಿ, ಬೇರೆ ಕೋಶಗಳಿಗೆ ಆಹಾರವಾಗುತ್ತದೆ.

ಮನುಷ್ಯನ ದೇಹದಲ್ಲಿ ಕೆಟ್ಟ ಕೋಶಗಳಿಗೆ ಈ ಸಾವಿನ ಆಜ್ಞೆ ಕೊಡುವ ಜೀನುಗಳಲ್ಲಿ ಪ್ರಮುಖವಾದುದು ಟಿಪಿ53.

ಜೀನಿನ ರಚನೆ

ಟಿಪಿ53 ನಮ್ಮ 17ನೆಯ ವರ್ಣತಂತುವಿನ ಗಿಡ್ಡ ತೋಳಿನಲ್ಲಿದೆ. ಇದರ ಉದ್ದ ಸುಮಾರು 20,000 ಬೇಸ್ ಜೋಡಿಗಳು. ಇದರಲ್ಲಿ 11 ಎಕ್ಸಾನುಗಳಿವೆ. ಇದರ ಸಂದೇಶದಿಂದ ತಯಾರಾಗುವ ಪ್ರೋಟೀನು ಪಿ53. ಅದರಲ್ಲಿ 393 ಅಮೈನೊ ಆಮ್ಲಗಳು. ಒಂದು ಅಮೈನೊ ಆಮ್ಲಕ್ಕೆ ಮೂರು ಬೇಸುಗಳಂತೆ ಲೆಕ್ಕ ಹಾಕಿದರೆ 1,179 ಬೇಸುಗಳು ಸಾಕು! ಪ್ರೋಟೀನಿನ ಮುಂತುದಿ ಬೇರೆ ಜೀನುಗಳನ್ನು ಎಚ್ಚರಿಸುತ್ತದೆ, ನಡುಭಾಗ ಡಿಎನ್ಎಯನ್ನು ಹಿಡಿಯುತ್ತದೆ, ಹಿಂತುದಿ ನಾಲ್ಕು ಪಿ53 ಅಣುಗಳನ್ನು ಒಟ್ಟುಗೂಡಿಸುತ್ತದೆ.

1979ರಲ್ಲಿ ಪಿ53 ಪತ್ತೆಯಾದಾಗ ಇದು ಕ್ಯಾನ್ಸರ್ ತರುತ್ತದೆಂದು ಭಾವಿಸಲಾಗಿತ್ತು. ಅದನ್ನು ತಡೆಯುವುದೇ ಇದರ ಕೆಲಸವೆಂದು 1989ರ ಹೊತ್ತಿಗೆ ಸ್ಪಷ್ಟವಾಯಿತು.

ನಿಯಂತ್ರಣ ಹೇಗೆ?

ಆರೋಗ್ಯವಂತ ಕೋಶದಲ್ಲಿ ಪಿ53 ತಯಾರಾಗುತ್ತಲೇ ಇರುತ್ತದೆ, ನಾಶವಾಗುತ್ತಲೂ ಇರುತ್ತದೆ. ಎಂಡಿಎಂ2 ಎಂಬ ಪ್ರೋಟೀನು ಇದಕ್ಕೆ ಗುರುತು ಹಚ್ಚಿ ನಾಶಕ್ಕೆ ಒಪ್ಪಿಸುತ್ತದೆ. ಡಿಎನ್ಎಗೆ ಹಾನಿಯಾದಾಗ ಎಟಿಎಂ ಎಂಬ ಕಿಣ್ವ ಪಿ53ಗೆ ಫಾಸ್ಫೇಟ್ ಅಂಟಿಸುತ್ತದೆ. ಆಗ ಎಂಡಿಎಂ2ವಿನ ಹಿಡಿತ ಸಡಿಲವಾಗಿ ಪಿ53 ಶೇಖರವಾಗುತ್ತದೆ. ಅದು ಮೊದಲು ಪಿ21 ಜೀನನ್ನು ಎಚ್ಚರಿಸಿ ಕೋಶ ವಿಭಜನೆಯನ್ನು ನಿಲ್ಲಿಸಬಲ್ಲದು. ರಿಪೇರಿಗೆ ಸಮಯ ಸಿಗುತ್ತದೆ. ಹಾನಿ ವಿಪರೀತವಾಗಿದ್ದರೆ ಪ್ಯೂಮಾ, ಬ್ಯಾಕ್ಸ್ ಜೀನುಗಳ ಸರದಿ. ಮೈಟೊಕಾಂಡ್ರಿಯದಿಂದ ಸೈಟೊಕ್ರೋಮ್-ಸಿ ಹೊರಬಂದು, ಕ್ಯಾಸ್ಪೇಸ್ ಕಿಣ್ವಗಳು ಕೋಶವನ್ನು ಒಳಗಿನಿಂದಲೇ ಕತ್ತರಿಸುತ್ತವೆ. ಸ್ವಾರಸ್ಯವೆಂದರೆ, ಪಿ53 ತನ್ನನ್ನು ನಾಶಮಾಡುವ ಎಂಡಿಎಂ2ವಿನ ಜೀನನ್ನೂ ಎಚ್ಚರಿಸುತ್ತದೆ. ಹೀಗಾಗಿ ಅಪಾಯ ಕಳೆದ ಮೇಲೆ ಅದರ ಪ್ರಮಾಣ ತಾನಾಗಿ ಇಳಿಯುತ್ತದೆ.

ಪಿ53ಗೆ ಸಹಾಯಕರೂ ಇದ್ದಾರೆ. ಪಿಸಿ4 ಎಂಬ ಪ್ರೋಟೀನು ಅದರ ಕೆಲಸವನ್ನು ಚುರುಕುಗೊಳಿಸುತ್ತದೆಂದು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಪಸ್ ಕುಂಡು ಅವರ ತಂಡ 2004ರಲ್ಲಿ ತೋರಿಸಿತು.

ಆನೆ ಮತ್ತು ಗುಟ್ಕಾ

ಗಜೇಂದ್ರಗಡದ ಹೆಸರಿನಲ್ಲೇ ಆನೆಯಿದೆ. ಅಷ್ಟು ದೊಡ್ಡ ದೇಹದಲ್ಲಿ ಕೋಶಗಳು ಅಪಾರ. ಆದರೂ ಆನೆಗೆ ಕ್ಯಾನ್ಸರ್ ಕಡಿಮೆ. ನಮಗೆ ತಂದೆ ತಾಯಿಯರಿಂದ ಟಿಪಿ53ರ 2 ಪ್ರತಿಗಳು ಬಂದರೆ, ಆನೆಯಲ್ಲಿ ಸುಮಾರು 40 ಇವೆಯೆಂದು 2015ರಲ್ಲಿ ತಿಳಿದುಬಂತು. ಕ್ಯಾನ್ಸರ್ ಕಡಿಮೆಯಿರಲು ಇದೂ ಒಂದು ಕಾರಣವಿರಬೇಕೆಂದು ವಿಜ್ಞಾನಿಗಳ ಅಭಿಪ್ರಾಯ.

ನಮ್ಮಲ್ಲಿರುವುದು ಎರಡೇ. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಜೀನು ಕೆಟ್ಟಿರುತ್ತದೆ. ತಂಬಾಕಿನ ನೈಟ್ರೋಸಮೀನುಗಳು ಬಾಯಿಯ ಕೋಶಗಳ ಡಿಎನ್ಎಯನ್ನು ಕೆಡಿಸುತ್ತವೆ. ಕೆಡುಕು ಟಿಪಿ53ಕ್ಕೇ ತಗುಲಿದರೆ, ಸಾಯಬೇಕಾದ ಕೋಶ ಸಾಯದೆ ಬೆಳೆಯತೊಡಗುತ್ತದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಮಾರಾಟಕ್ಕೆ ಬಂದವು. ಎರಡನ್ನೂ ಬೆರೆಸಿ ಬಾಯಿಗೆ ಹಾಕಿಕೊಳ್ಳುವ ಗೆಳೆಯ ನಿಮ್ಮ ತರಗತಿಯಲ್ಲೂ ಇರಬಹುದು. ಈ ಎರಡು ಪ್ರತಿಗಳ ಲೆಕ್ಕವನ್ನು ಅವನಿಗೆ ತಿಳಿಸಿ ಹೇಳಿ.