ಒಬ್ಬರ ಹೃದಯ ದಪ್ಪಗಾದರೆ ಮನೆಮಂದಿಗೆಲ್ಲ ಪರೀಕ್ಷೆ

ಸಾತನೂರಿನ ಆಸುಪಾಸಿನವರಿಗೆ ಕಬ್ಬಾಳದುರ್ಗ ಹತ್ತುವುದು ಹೊಸದಲ್ಲ. ಆ ಕಡಿದಾದ ಬಂಡೆಯೇರುವಾಗ ಯಾರಿಗಾದರೂ ಏದುಸಿರು ಬರುತ್ತದೆ. ಆದರೆ ಹತ್ತುತ್ತಿರುವಾಗಲೇ ಕಣ್ಣು ಕತ್ತಲಿಟ್ಟು ಕುಸಿದರೆ, ಬಿಸಿಲಿಗೋ ಉಪವಾಸಕ್ಕೋ ದೂರು ಹೊರಿಸಿ ಸುಮ್ಮನಾಗಬಾರದು. ಕುಸಿದವರಿಗೆ ಇಪ್ಪತ್ತೇ ವರ್ಷವಾಗಿದ್ದರೂ ಸರಿ.

ಇಂಥ ಕುಸಿತಕ್ಕೆ ಇರಬಹುದಾದ ಕಾರಣಗಳಲ್ಲೊಂದು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ. ಹೃದಯದ ಎಡ ಕೆಳಕೋಣೆಯ ಗೋಡೆ ಬಿಪಿಯಂಥ ಬೇರೆ ಕಾರಣವಿಲ್ಲದೆ 15 ಮಿ.ಮೀ. ಅಥವಾ ಹೆಚ್ಚು ದಪ್ಪವಾಗಿದ್ದರೆ ವೈದ್ಯರು ಈ ಹೆಸರು ಹೇಳುತ್ತಾರೆ. ಸುಮಾರು 500 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ಲಂಡನ್ನಿನ ರೋಗಶಾಸ್ತ್ರಜ್ಞ ಡೊನಾಲ್ಡ್ ಟೀರ್ 1958ರಲ್ಲಿ ಯುವಜನರ ಹೃದಯಗಳಲ್ಲಿ ಇದನ್ನು ಕಂಡು ವಿವರಿಸಿದರು. ಅವರಲ್ಲಿ ಹೆಚ್ಚಿನವರು ಹಠಾತ್ತನೆ ಸತ್ತವರು.

ಗೋಡೆ ದಪ್ಪವಾದರೆ ಬಡಿತದ ಲಯ ತಪ್ಪುವುದೇಕೆ? ಆರೋಗ್ಯವಂತ ಹೃದಯದ ಸ್ನಾಯುಕೋಶಗಳು ಕೂರಿಗೆಯಲ್ಲಿ ಬಿತ್ತಿದ ರಾಗಿಯಂತೆ ಸಾಲುಗಟ್ಟಿರುತ್ತವೆ; ವಿದ್ಯುತ್ ಸಂಕೇತ ಸಲೀಸಾಗಿ ಸಾಗುತ್ತದೆ. ಈ ಕಾಯಿಲೆಯಲ್ಲಿ ಕೋಶಗಳು ಅಡ್ಡಾದಿಡ್ಡಿಯಾಗಿದ್ದು, ನಡುನಡುವೆ ನಾರು ಬೆಳೆದಿರುತ್ತದೆ. ಸಂಕೇತ ಅಲ್ಲಲ್ಲಿ ತಡೆದು, ಸುತ್ತು ಹಾಕಿ, ಅದೇ ಜಾಗವನ್ನು ಮತ್ತೆ ಮತ್ತೆ ಕೆರಳಿಸುತ್ತದೆ. ಕೆಳಕೋಣೆ ಹೀಗೆ ವಿಪರೀತ ವೇಗಕ್ಕೆ ಬಿದ್ದರೆ ಮಿದುಳಿಗೆ ರಕ್ತ ಸಾಲದೆ ಎಚ್ಚರ ತಪ್ಪುತ್ತದೆ. ಬಡಿತ ಬರೀ ಅದುರುವಿಕೆಯಾದರೆ ನಿಮಿಷಗಳಲ್ಲಿ ಜೀವ ಹೋಗಬಹುದು.

ಇನ್ನೊಂದು ತೊಂದರೆ ಮೇಲ್ಕೋಣೆಯದು. ಗಡಸಾದ ಕೆಳಕೋಣೆಗೆ ರಕ್ತ ತುಂಬಲು ತಿಣುಕಿ ತಿಣುಕಿ ಅದು ಹಿಗ್ಗುತ್ತದೆ, ಕ್ರಮವಿಲ್ಲದೆ ಅದುರತೊಡಗುತ್ತದೆ. ಇದೇ ಏಟ್ರಿಯಲ್ ಫಿಬ್ರಿಲೇಶನ್. ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಅದಕ್ಕೇ ಇಂಥವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಕೊಡುತ್ತಾರೆ. ಕೆಳಕೋಣೆಯ ಅಪಾಯ ಹೆಚ್ಚಿರುವವರಿಗೆ ಐಸಿಡಿ ಎಂಬ ಪುಟ್ಟ ಯಂತ್ರ ಅಳವಡಿಸುತ್ತಾರೆ. ಲಯ ಕೆಟ್ಟ ಕೂಡಲೇ ಅದು ಒಳಗಿನಿಂದಲೇ ಶಾಕ್ ಕೊಟ್ಟು ಸರಿಪಡಿಸುತ್ತದೆ. ಸರಿಯಾದ ಆರೈಕೆ ಸಿಕ್ಕ ಬಹುಪಾಲು ಜನ ಪೂರ್ಣಾಯುಸ್ಸು ಬಾಳುತ್ತಾರೆ.

ಆರೈಕೆ ಸಿಗಬೇಕಾದರೆ ಕಾಯಿಲೆ ಮೊದಲು ಗೊತ್ತಾಗಬೇಕು. ಇದು ಹೆಚ್ಚಾಗಿ ವಂಶವಾಹಿಯ ದೋಷ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ. ಹಾಸನ ಜಿಲ್ಲೆಯಲ್ಲಿ ಯುವಜನರ ಹಠಾತ್ ಸಾವುಗಳು 2025ರಲ್ಲಿ ಕಳವಳ ಹುಟ್ಟಿಸಿದಾಗ, ಆಸ್ಪತ್ರೆಯ ಹೊರಗಿನ ಇಂಥ ಸಾವುಗಳಿಗೆ ಮರಣೋತ್ತರ ಪರೀಕ್ಷೆ ಕಡ್ಡಾಯವೆಂದು ರಾಜ್ಯ ಸರ್ಕಾರ ಹೇಳಿತು. ದುಃಖದ ನಡುವೆ ಇದಕ್ಕೆ ಒಪ್ಪುವುದು ಕಷ್ಟ. ಆದರೂ ಒಪ್ಪಬೇಕು: ‘ಹಾರ್ಟ್ ಅಟ್ಯಾಕ್’ ಎಂದು ಮಣ್ಣು ಮಾಡಿಬಿಟ್ಟರೆ ಒಡಹುಟ್ಟಿದವರ ಎದೆಯಲ್ಲೂ ಅದೇ ದೋಷವಿದೆಯೇ ಎಂದು ಯಾರೂ ನೋಡುವುದಿಲ್ಲ.

ನಿಮ್ಮ ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡಿದ್ದರೆ, ಕೇಳದಿದ್ದರೂ ಆ ಸಂಗತಿಯನ್ನು ವೈದ್ಯರಿಗೆ ಹೇಳಿ. ಕನಕಪುರದಲ್ಲೋ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲೋ ಇಸಿಜಿ, ಎಕೋ ಮಾಡಿಸಿ. ಮಕ್ಕಳಿಗೆ ಒಮ್ಮೆ ಮಾಡಿಸಿ ಬಿಡುವಂತಿಲ್ಲ. ಗೋಡೆ ಹದಿಹರೆಯದಲ್ಲೂ ದಪ್ಪವಾಗಬಹುದು. ವೈದ್ಯರು ಹೇಳಿದ ಗಡುವಿಗೆ ಮತ್ತೆ ಕರೆದೊಯ್ಯಿರಿ.