ಹಸಿದವರ ಮುಖಕ್ಕೆ ಕ್ಯಾಮೆರಾ ಬೇಡ

ಮಧ್ಯಾಹ್ನ ಮನೆಗೆಲಸ ಮುಗಿದ ಮೇಲೆ ಒಂದೆರಡು ಗಂಟೆ ಬಿಡುವಿದೆಯೇ? ನಾಲ್ಕು ಜನರ ಹತ್ತಿರ ಚೆನ್ನಾಗಿ ಮಾತಾಡೋಕೆ ಬರುತ್ತಾ? ಹಾಗಿದ್ದರೆ ಆಹಾರ ಬ್ಯಾಂಕಿನ ಪ್ರಚಾರದ ಕೆಲಸ ನಿಮಗೆ ಹೇಳಿ ಮಾಡಿಸಿದಂಥದ್ದು.

ಮೊದಲ ಆಹಾರ ಬ್ಯಾಂಕ್ ಹುಟ್ಟಿದ್ದು 1967ರಲ್ಲಿ, ಅಮೆರಿಕದ ಫೀನಿಕ್ಸ್ ನಗರದಲ್ಲಿ. ಅಂಗಡಿಯವರು ಎಸೆದದ್ದನ್ನು ಆಯ್ದು ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬರು, ದುಡ್ಡಿಗೆ ಇರುವಂತೆ ಆಹಾರಕ್ಕೂ ಬ್ಯಾಂಕ್ ಇರಬಾರದೇ ಅಂದರಂತೆ. ಜಾನ್ ವ್ಯಾನ್ ಹೆಂಗೆಲ್ ಮಾಡಿಯೇ ತೋರಿಸಿದರು.

ಈಗ ನಮ್ಮಲ್ಲೂ ಇಂಥ ಸಂಸ್ಥೆಗಳಿವೆ. ಕಲ್ಯಾಣ ಮಂಟಪ, ಕೇಟರಿಂಗ್‌ನವರು, ಅಪಾರ್ಟ್‌ಮೆಂಟ್ ಸಂಘಗಳಿಗೆ ವಿಷಯ ಮುಟ್ಟಿಸೋದೇ ನಿಮ್ಮ ಕೆಲಸ. "ತಿಂದವರಿಗೆ ಏನಾದ್ರೂ ಆದ್ರೆ ನಮ್ಮ ತಲೆಗೆ ಬರಲ್ವಾ?" ಅನ್ನೋದು ಎಲ್ಲರ ಮೊದಲ ಪ್ರಶ್ನೆ. ಉಳಿದ ಆಹಾರದ ಸಂಗ್ರಹ, ವಿತರಣೆಗೆಂದೇ ಎಫ್‌ಎಸ್‌ಎಸ್‌ಎಐ 2019ರಲ್ಲಿ ನಿಯಮ ತಂದಿದೆ, ನಾವು ಅದರಂತೆ ನಡೆಯುತ್ತೇವೆ ಎಂದು ತಿಳಿಸಿ. ಎಲೆಗೆ ಬಡಿಸಿದ್ದು ಬೇಡ, ಪಾತ್ರೆಯಲ್ಲಿ ಉಳಿದದ್ದು ಮಾತ್ರ. ಬಿಸಿ ಆರುವ ಮುಂಚೆ ಫೋನ್ ಮಾಡಿ. ಇಷ್ಟು ಸ್ಪಷ್ಟವಾಗಿ ಹೇಳಿದರೆ ಅರ್ಧ ಕೆಲಸ ಆದಂತೆ.

ಒಮ್ಮೆ ನಾನೂ ಎಡವಿದ್ದೆ. ಊಟ ಮಾಡುತ್ತಿದ್ದ ಹುಡುಗನೊಬ್ಬನ ಫೋಟೋವನ್ನು ಕರಪತ್ರಕ್ಕೆ ಹಾಕಿಸಿದೆ. ವಾರದ ನಂತರ ಅವನ ತಾಯಿ ಬಂದು, "ಅಕ್ಕಾ, ಸ್ಕೂಲಲ್ಲಿ ಎಲ್ರೂ ಆಡ್ಕೊಳ್ತಾರಂತೆ. ಊಟಕ್ಕೇ ಬರಲ್ಲ ಅಂತಾನೆ" ಅಂದರು. ಏನು ಹೇಳಲೂ ತೋಚಲಿಲ್ಲ. ಕ್ಷಮೆ ಕೇಳಿ, ಮಿಕ್ಕ ಕರಪತ್ರಗಳನ್ನೆಲ್ಲ ಹರಿದು ಹಾಕಿದೆ. ಆಮೇಲೆ ತುಂಬಿದ ಪಾತ್ರೆ, ಬಡಿಸುವ ಕೈಗಳ ಚಿತ್ರ ಮಾತ್ರ ಹಾಕಿದೆವು. ಕೊಡುವವರೇನೂ ಕಡಿಮೆಯಾಗಲಿಲ್ಲ.

ನಿಮಗೂ ಮನಸ್ಸಿದ್ದರೆ ಹತ್ತಿರದ ಸಂಸ್ಥೆಯಲ್ಲಿ ವಿಚಾರಿಸಿ. ಮೊದಲ ದಿನ ಅಲ್ಲಿ ಊಟ ಬಡಿಸಿ. ಬರೆಯೋದು, ಮಾತಾಡೋದು ಆಮೇಲಿರಲಿ.