ಮುದ್ರಣಕ್ಕೆ ಲಾಂಛನ: ಯಾವ ಸ್ವರೂಪದ ಕಡತ ನೀಡಬೇಕು?

ಕಾಮಗಾರಿ ಸ್ಥಳದ ಮಾಹಿತಿ ಫಲಕ, ಘನತ್ಯಾಜ್ಯ ಸಾಗಿಸುವ ವಾಹನ, ಗ್ರಾಮ ಸಭೆಯ ಕರಪತ್ರ, ಗ್ರಂಥಾಲಯದ ನಾಮಫಲಕ ಮುಂತಾದವುಗಳ ಮೇಲೆ ಒಂದಲ್ಲ ಒಂದು ಲಾಂಛನ ಮುದ್ರಿತವಾಗುತ್ತದೆ. ಬರಹ ಸ್ಫುಟವಾಗಿದ್ದರೂ ಲಾಂಛನ ಮಾತ್ರ ಮಸುಕಾಗಿ, ಅಂಚುಗಳು ಮೆಟ್ಟಿಲಿನಂತೆ ಒಡೆದು ಕಾಣುವುದುಂಟು. ಇದನ್ನು ಮುದ್ರಣ ಯಂತ್ರದ ದೋಷವೆಂದು ಭಾವಿಸುವುದು ಸಹಜ. ಆದರೆ ಬಹುತೇಕ ಸಂದರ್ಭಗಳಲ್ಲಿ ದೋಷವಿರುವುದು ಮುದ್ರಣಕ್ಕೆ ನೀಡಿದ ಕಡತದಲ್ಲಿ. ಒಮ್ಮೆ ನಿಲ್ಲಿಸಿದ ಫಲಕ ಹಲವು ಮಳೆಗಾಲಗಳವರೆಗೆ ಸಾರ್ವಜನಿಕರ ಕಣ್ಣಿಗೆ ಬೀಳುತ್ತದೆ. ಅದನ್ನು ಪುನಃ ಮಾಡಿಸಿದರೆ ವೆಚ್ಚ ಪಂಚಾಯತ್ ನಿಧಿಗೇ ಬೀಳುತ್ತದೆ. ಆದುದರಿಂದ ಈ ವಿಷಯದ ಮೂಲ ತಿಳಿವಳಿಕೆ ಸದಸ್ಯರಿಗೂ ಇರುವುದು ಅಪೇಕ್ಷಣೀಯ.

ಗಣಕಯಂತ್ರದಲ್ಲಿ ಚಿತ್ರಗಳು ಎರಡು ಬಗೆ. 1901ರಲ್ಲಿ ನಿರ್ಮಾಣವಾದ ಕಾಪು ದೀಪಸ್ತಂಭದ ಛಾಯಾಚಿತ್ರವನ್ನು ತೆಗೆದುಕೊಳ್ಳೋಣ. ಕಡಲು, ಬಂಡೆ, ಆಕಾಶಗಳ ಸೂಕ್ಷ್ಮ ವರ್ಣಭೇದಗಳು ಅದರಲ್ಲಿ ಪಿಕ್ಸೆಲ್ ಎಂಬ ಸಣ್ಣ ಚೌಕಗಳ ರೂಪದಲ್ಲಿ ದಾಖಲಾಗಿರುತ್ತವೆ. ಚಿತ್ರವನ್ನು ಹಿಗ್ಗಿಸಿದರೆ ಚೌಕಗಳೂ ಹಿಗ್ಗುತ್ತವೆ. ಅದೇ ದೀಪಸ್ತಂಭವನ್ನು ರೇಖೆಗಳಿಂದ ಬರೆದು ಲಾಂಛನವಾಗಿಸಿದರೆ ಅದನ್ನು ವೆಕ್ಟರ್ ರೂಪದಲ್ಲಿ ಉಳಿಸಬಹುದು. ಇದರಲ್ಲಿ ಚೌಕಗಳ ಬದಲು ರೇಖೆ, ವಕ್ರರೇಖೆಗಳ ಗಣಿತ ವಿವರಣೆ ಇರುತ್ತದೆ. ಆದಕಾರಣ ಭೇಟಿ ಚೀಟಿಯಷ್ಟು ಕಿರಿದಾಗಿಸಿದರೂ ಗೋಡೆಯಷ್ಟು ಹಿರಿದಾಗಿಸಿದರೂ ಅಂಚು ಒಡೆಯುವುದಿಲ್ಲ.

ಒಂದು ಲೆಕ್ಕವನ್ನು ಗಮನಿಸಿರಿ. ಅಂತರಜಾಲ ಪುಟದಿಂದ ಪಡೆದ ಲಾಂಛನದ ಅಗಲ 200 ಪಿಕ್ಸೆಲ್ ಎಂದಿರಲಿ. ಅದನ್ನು ಫಲಕದಲ್ಲಿ 2 ಅಡಿ ಅಗಲಕ್ಕೆ ಹಿಗ್ಗಿಸಿದರೆ ಪ್ರತಿ ಪಿಕ್ಸೆಲ್ ಸುಮಾರು 3 ಮಿಲಿಮೀಟರ್ ಅಗಲದ ಚೌಕವಾಗುತ್ತದೆ. ಕೈಯಲ್ಲಿ ಹಿಡಿದು ಓದುವ ಕಾಗದಕ್ಕೆ ಪ್ರತಿ ಅಂಗುಲಕ್ಕೆ 300 ಪಿಕ್ಸೆಲ್ ಇರಬೇಕೆಂಬುದು ಮುದ್ರಣದ ರೂಢಿ. ಅಂದರೆ ಪತ್ರದ ಮೇಲ್ಭಾಗದಲ್ಲಿ 2 ಅಂಗುಲದ ಲಾಂಛನಕ್ಕೂ 600 ಪಿಕ್ಸೆಲ್ ಅಗಲ ಬೇಕು.

ಬಳಕೆಯಲ್ಲಿರುವ ಕಡತ ಸ್ವರೂಪಗಳ ಗುಣದೋಷಗಳು ಹೀಗಿವೆ:

1. ಜೆಪಿಇಜಿ: ಛಾಯಾಚಿತ್ರಕ್ಕೆ ಯೋಗ್ಯ. ಗಾತ್ರ ಕುಗ್ಗಿಸಲು ಕೆಲವು ವಿವರಗಳನ್ನು ಕೈಬಿಡುವುದರಿಂದ ಲಾಂಛನದ ಅಂಚಿನ ಸುತ್ತ ಕಲೆಗಳು ಮೂಡುತ್ತವೆ. ಹಿನ್ನೆಲೆ ಪಾರದರ್ಶಕವಾಗದೆ, ಬಣ್ಣದ ಫಲಕದ ಮೇಲೆ ಬಿಳಿ ಚೌಕ ಉಳಿಯುತ್ತದೆ.

2. ಪಿಎನ್‌ಜಿ: ವಿವರ ನಷ್ಟವಾಗುವುದಿಲ್ಲ, ಹಿನ್ನೆಲೆ ಪಾರದರ್ಶಕವಾಗಿರಬಲ್ಲದು. ಸಾಕಷ್ಟು ಪಿಕ್ಸೆಲ್ ಇದ್ದರೆ ಪತ್ರ, ಕರಪತ್ರಗಳಿಗೆ ಸಾಕಾಗುತ್ತದೆ. ಆದರೆ ಇದೂ ಪಿಕ್ಸೆಲ್ ಚಿತ್ರವೇ.

3. ಎಸ್‌ವಿಜಿ, ಇಪಿಎಸ್, ಪಿಡಿಎಫ್ ಹಾಗೂ ಕೋರಲ್ ಡ್ರಾ ತಂತ್ರಾಂಶದ ಸಿಡಿಆರ್: ಇವು ವೆಕ್ಟರ್ ಚಿತ್ರವನ್ನು ಹಿಡಿದಿಡಬಲ್ಲವು. ದೊಡ್ಡ ಫಲಕ, ವಾಹನದ ಮೇಲಿನ ಸ್ಟಿಕ್ಕರ್, ಬಟ್ಟೆಯ ಬ್ಯಾನರ್‌ಗಳಿಗೆ ಇವನ್ನೇ ನೀಡತಕ್ಕದ್ದು. ಪ್ಲಾಸ್ಟಿಕ್ ಫ್ಲೆಕ್ಸ್ ರಾಜ್ಯದಲ್ಲಿ 2016ರಿಂದ ನಿಷೇಧಿತವಾಗಿರುವುದರಿಂದ ಬಟ್ಟೆಯ ಮೇಲಿನ ಮುದ್ರಣಕ್ಕೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಜೆಪಿಇಜಿ ಚಿತ್ರವನ್ನು ಪಿಡಿಎಫ್ ಒಳಗೆ ಸೇರಿಸಿದ ಮಾತ್ರಕ್ಕೆ ಅದು ವೆಕ್ಟರ್ ಆಗುವುದಿಲ್ಲ. ಪರೀಕ್ಷೆ ಸುಲಭ: ಕಡತವನ್ನು ತೆರೆದು ಹಲವು ಪಟ್ಟು ಹಿಗ್ಗಿಸಿ ನೋಡುವುದು. ಅಂಚು ಹರಿತವಾಗಿಯೇ ಉಳಿದರೆ ವೆಕ್ಟರ್; ಚೌಕಗಳು ಕಂಡರೆ ಅಲ್ಲ.

ರಾಜ್ಯ ಲಾಂಛನದ ವಿಷಯದಲ್ಲಿ ಎಚ್ಚರ ಇನ್ನೂ ಅಗತ್ಯ. ಗಂಡಭೇರುಂಡದ ಗರಿ, ಇಕ್ಕೆಲಗಳ ಶರಭ, ಮೇಲಿನ ಸಿಂಹಮುದ್ರೆ, ದೇವನಾಗರಿ ಲಿಪಿಯ ಧ್ಯೇಯವಾಕ್ಯ ಇವೆಲ್ಲ ಸೂಕ್ಷ್ಮ ರೇಖೆಗಳಿಂದ ಕೂಡಿವೆ. ಕಳಪೆ ಕಡತದಲ್ಲಿ ಇಂತಹ ಸಣ್ಣ ಅಕ್ಷರಗಳೇ ಮೊದಲು ಅಳಿಯುತ್ತವೆ. ರಾಷ್ಟ್ರ ಲಾಂಛನದ ಅನುಚಿತ ಬಳಕೆಯನ್ನು 2005ರ ಕಾಯ್ದೆ ನಿಷೇಧಿಸಿದೆ. ಆದುದರಿಂದ ಇಂತಹ ಲಾಂಛನಗಳನ್ನು ಅನುಮತಿ ಇರುವೆಡೆ ಮಾತ್ರ, ಅಧಿಕೃತ ಮೂಲದಿಂದ ಪಡೆದ ಕಡತದಿಂದಲೇ, ಆಕಾರ ಹಿಗ್ಗದಂತೆ ಕುಗ್ಗದಂತೆ ಬಳಸಬೇಕು.

ಪಂಚಾಯತ್‌ಗಳು ಈ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು:

1. ಹೊಸ ಲಾಂಛನ ರಚಿಸಲು ಆದೇಶ ನೀಡುವಾಗ, ವೆಕ್ಟರ್ ಮೂಲ ಕಡತವನ್ನು ಪಂಚಾಯತ್‌ಗೆ ಒಪ್ಪಿಸಬೇಕೆಂಬ ಷರತ್ತನ್ನು ಆದೇಶದಲ್ಲಿಯೇ ಸೇರಿಸುವುದು. ಇಲ್ಲದಿದ್ದರೆ ಮುದ್ರಕರು ಬದಲಾದಾಗ ಅದೇ ಚಿತ್ರವನ್ನು ಪುನಃ ಬರೆಯಿಸಲು ಹಣ ತೆರಬೇಕಾದೀತು.

2. ಲಾಂಛನದಲ್ಲಿ ಪಂಚಾಯತ್‌ನ ಹೆಸರು ಕನ್ನಡದಲ್ಲಿದ್ದರೆ, ಅಕ್ಷರಗಳನ್ನು ರೇಖಾರೂಪಕ್ಕೆ ಪರಿವರ್ತಿಸಿದ ಪ್ರತಿಯನ್ನೂ ಪಡೆಯುವುದು. ಮುದ್ರಕರ ಗಣಕಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೂ ಒತ್ತಕ್ಷರಗಳು ಆಗ ಕೆಡುವುದಿಲ್ಲ.

3. ವಾಟ್ಸ್‌ಆ್ಯಪ್ ಮೂಲಕ ಕಳುಹಿಸುವುದು ಅನಿವಾರ್ಯವಾದರೆ ‘ಫೋಟೋ’ ಆಗಿ ಕಳುಹಿಸದೆ ‘ಡಾಕ್ಯುಮೆಂಟ್’ ಆಗಿ ಕಳುಹಿಸುವುದು. ಫೋಟೋ ಆಗಿ ಕಳುಹಿಸಿದ ಚಿತ್ರ ಕುಗ್ಗುತ್ತದೆ.

4. ಪರದೆಯ ಬಣ್ಣಕ್ಕೂ ನಾಲ್ಕು ಶಾಯಿಗಳ ಮುದ್ರಣದ ಬಣ್ಣಕ್ಕೂ ವ್ಯತ್ಯಾಸವಿರುವುದರಿಂದ, ಪೂರ್ಣ ಮುದ್ರಣಕ್ಕೆ ಮುನ್ನ ಒಂದು ಮಾದರಿ ಪ್ರತಿಯನ್ನು ನೋಡಿ ಒಪ್ಪಿಗೆ ನೀಡುವುದು.

5. ಎಲ್ಲ ಲಾಂಛನಗಳ ಮೂಲ ಕಡತಗಳನ್ನು ಪಂಚಾಯತ್ ಗಣಕಯಂತ್ರದ ಒಂದೇ ಫೋಲ್ಡರ್‌ನಲ್ಲಿರಿಸಿ, ಮತ್ತೊಂದು ಪ್ರತಿಯನ್ನು ಬೇರೆಡೆ ಕಾಯ್ದಿರಿಸುವುದು.

ಮಣಿಪಾಲದ ದೊಡ್ಡ ಮುದ್ರಣಾಲಯವಿರಲಿ, ಕಾರ್ಕಳ ಪೇಟೆಯ ಸ್ಟಿಕ್ಕರ್ ಅಂಗಡಿಯಿರಲಿ, ಕಡತದಲ್ಲಿ ಇಲ್ಲದ ವಿವರವನ್ನು ಯಂತ್ರ ಸೃಷ್ಟಿಸಲಾರದು. ಮುದ್ರಣ ಬಿಲ್ಲಿಗೆ ಮಂಜೂರಾತಿ ನೀಡುವ ಮೊದಲೇ, ಯಾವ ಕಡತ ನೀಡಲಾಗಿದೆ ಎಂಬ ಪ್ರಶ್ನೆಯನ್ನು ಸದಸ್ಯರು ಕೇಳುವುದು ಸೂಕ್ತ.